ಫೋರ್‌ವೀಲ್ ದೀಪ ಮಿನುಗುತ್ತಲೇ ಇದ್ದರೆ

14 ಜೂನ್ 2025, ಶನಿವಾರ

ಮುಂಗಾರು ಹಿಡಿಯಿತೆಂದರೆ ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆಯ ತೋಟದ ಗಾಡಿಗಳಿಂದ ಒಂದು ದೂರು ತಪ್ಪದೆ ಬರುತ್ತದೆ. ಬೇಸಿಗೆಯಿಡೀ ಯಾರೂ ಮುಟ್ಟದ, ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಕೊಡುವ ಫೋರ್‌ವೀಲ್ ಸ್ವಿಚ್ಚನ್ನು ಮೊದಲ ಕೆಸರಿನಲ್ಲಿ ತಿರುಗಿಸುತ್ತಾರೆ. ಮೀಟರಿನಲ್ಲಿ ದೀಪ ಮಿನುಗಲು ಶುರುವಾಗುತ್ತದೆ, ನಿಲ್ಲುವುದೇ ಇಲ್ಲ. "ಇಸಿಯು (ಫೋರ್‌ವೀಲ್ ನಡೆಸುವ ಕಂಪ್ಯೂಟರ್) ಹೋಗಿದೆ" ಎಂದು ಒಬ್ಬರು, "ಮೋಟರ್ ಬದಲಿಸಿ" ಎಂದು ಇನ್ನೊಬ್ಬರು. ಎರಡೂ ದುಬಾರಿ ಮಾತು. ಎರಡನ್ನೂ ಹೇಳುವ ಮೊದಲು ನೋಡಬೇಕಾದ್ದು ಬಹಳ ಇದೆ. ಅದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ.

ಉದಾಹರಣೆಗೆ ಇಟ್ಟುಕೊಂಡಿರುವುದು 2016ರ ನವೆಂಬರಿನಲ್ಲಿ ಭಾರತಕ್ಕೆ ಬಂದ ಎರಡನೇ ಪೀಳಿಗೆಯ ಫಾರ್ಚೂನರ್. 2022ರಲ್ಲಿ ಬಂದ ಹೈಲಕ್ಸ್‌ನದೂ ಇದೇ ಜಾತಿಯ ವ್ಯವಸ್ಥೆ. ಡ್ಯಾಶ್‌ಬೋರ್ಡಿನ ಗುಂಡು ಸ್ವಿಚ್ಚಿನಲ್ಲಿ ಎಚ್2, ಎಚ್4, ಎಲ್4 ಎಂದು ಮೂರು ಸ್ಥಾನ: ಎಚ್2 ಅಂದರೆ ಹಿಂದಿನ ಎರಡು ಚಕ್ರಕ್ಕಷ್ಟೇ ಬಲ, ಎಚ್4 ಅಂದರೆ ನಾಲ್ಕಕ್ಕೂ, ಎಲ್4 ಅಂದರೆ ನಾಲ್ಕಕ್ಕೂ ಕಡಿಮೆ ವೇಗದಲ್ಲಿ ಹೆಚ್ಚು ಬಲ. ಸ್ವಿಚ್ ತಿರುಗಿಸಿದರೆ ಇಸಿಯು ಎರಡು ಮೋಟರುಗಳಿಗೆ ಕೆಲಸ ಹೇಳುತ್ತದೆ. ಒಂದು ಮುಂದಕ್ಕೂ ಹಿಂದಕ್ಕೂ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿನ ಮೇಲೆ, ಇನ್ನೊಂದು ಮುಂದಿನ ಡಿಫರೆನ್ಷಿಯಲ್ ಕೂತಿರುವ ಹೌಸಿಂಗಿನ ಮೇಲೆ. ಈ ಎರಡನೆಯದನ್ನು ಟೊಯೋಟಾದವರು ಎಡಿಡಿ ಎನ್ನುತ್ತಾರೆ. ಎಚ್2ನಲ್ಲಿ ಓಡುವಾಗ ಒಂದು ಬದಿಯ ಆಕ್ಸಲನ್ನು ಬಿಡಿಸಿಟ್ಟು, ಟ್ರಾನ್ಸ್‌ಫರ್ ಕೇಸಿನಿಂದ ಬಲ ಒಯ್ಯುವ ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಸುಮ್ಮನೆ ಸುತ್ತದಂತೆ ನೋಡಿಕೊಳ್ಳುವುದು ಅದರ ಕೆಲಸ. ಗೇರು ಕೂತಿತೋ ಇಲ್ಲವೋ ಎಂದು ಇಸಿಯುಗೆ ತಿಳಿಸಲು ಎರಡೂ ಕಡೆ ಸಣ್ಣ ಸ್ವಿಚ್ಚುಗಳಿವೆ.

ಹಾಗಾಗಿ ಮಿನುಗುವ ದೀಪಕ್ಕೆ ಒಂದೇ ಅರ್ಥ: ಕೊಟ್ಟ ಹುಕುಂ ಒಂದು, ಬಂದ ವರದಿ ಇನ್ನೊಂದು. ಯಾವ ಭಾಗ ಕೆಟ್ಟಿದೆ ಎಂದು ದೀಪ ಹೇಳುವುದಿಲ್ಲ. ಹುಕುಂ ಹೋಗಿಲ್ಲವೋ, ಕೆಲಸ ಆಗಿಲ್ಲವೋ, ಕೆಲಸ ಆಗಿಯೂ ವರದಿ ತಪ್ಪಿದೆಯೋ ಎಂಬುದನ್ನು ಬೇರ್ಪಡಿಸುವುದೇ ಪತ್ತೆ ಕೆಲಸ.

ಮೊದಲು, ದೋಷವೇ ಅಲ್ಲದ ಸಂಗತಿಗಳು. ಸ್ಥಾನ ಬದಲಿಸುವಾಗ ಕೆಲವು ಸೆಕೆಂಡು ಮಿನುಗುವುದು ಸಹಜ. ಎಲ್4ಗೆ ಹಾಕಿದಾಗ, ಗಾಡಿ ಅಡ್ಡ ಜಾರದಂತೆ ತಡೆಯುವ ವಿಎಸ್‌ಸಿ ತಾನಾಗಿ ಆಫ್ ಆಗಿ ಅದರ ದೀಪ ಹತ್ತುತ್ತದೆ, ಅದೂ ಸರಿಯೇ. ಎಚ್2ನಿಂದ ಎಚ್4ಗೆ ಗಂಟೆಗೆ 100 ಕಿಲೋಮೀಟರಿನೊಳಗೆ ಓಡುತ್ತಲೇ ಹಾಕಬಹುದು. ಆದರೆ ಎಲ್4ಗೆ ಗಾಡಿ ಪೂರ್ತಿ ನಿಂತಿರಬೇಕು, ಗೇರು ನ್ಯೂಟ್ರಲ್‌ನಲ್ಲಿರಬೇಕು. ಆಟೋಮ್ಯಾಟಿಕ್ ಆದರೆ ಬ್ರೇಕ್, ಮ್ಯಾನ್ಯುಯಲ್ ಆದರೆ ಕ್ಲಚ್ ಒತ್ತಿರಬೇಕು. ಗಾಡಿ ಇಳಿಜಾರಿನಲ್ಲಿ ಒಂದಿಷ್ಟು ಉರುಳುತ್ತಿದ್ದರೂ ಎಲ್4 ಕೂರುವುದಿಲ್ಲ, ದೀಪ ಮಿನುಗುತ್ತಲೇ ಇರುತ್ತದೆ.

ಇನ್ನೊಂದು, ಡಾಂಬರಿನ ಮೇಲೆ ಎಚ್4 ಹಾಕಿ ಓಡಿಸಿದ ಗಾಡಿ. ಮುಂದಿನ, ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ನಡುವಿನ ಡಿಫರೆನ್ಷಿಯಲ್ ಇದರಲ್ಲಿ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಓಡಬೇಕು. ಕೆಸರಿನಲ್ಲಾದರೆ ಚಕ್ರ ಜಾರಿ ಸರಿಹೋಗುತ್ತದೆ. ಡಾಂಬರಿನಲ್ಲಿ ಜಾರುವುದಿಲ್ಲ, ಆ ಬಿಗಿ ಶಾಫ್ಟುಗಳಲ್ಲೇ ಉಳಿಯುತ್ತದೆ. ಆಮೇಲೆ ಎಚ್2ಗೆ ತಿರುಗಿಸಿದರೂ ಒತ್ತಡದಲ್ಲಿ ಹಲ್ಲಿಗೆ ಹಲ್ಲು ಕಚ್ಚಿಕೊಂಡಿರುವ ಸ್ಲೀವ್ (ಶಾಫ್ಟುಗಳನ್ನು ಜೋಡಿಸುವ ಜಾರುಬಳೆ) ಬಿಡುವುದಿಲ್ಲ. ಆಗ ನೇರ ರಸ್ತೆಯಲ್ಲಿ ಆಕ್ಸಲರೇಟರ್ ಕೊಟ್ಟು ಬಿಟ್ಟು ಓಡಿಸಿ, ಇಲ್ಲವೇ ರಿವರ್ಸ್ ತೆಗೆದುಕೊಳ್ಳಿ ಎಂದು ಮಾಲೀಕರ ಕೈಪಿಡಿಯೇ ಹೇಳುತ್ತದೆ. ಎರಡರಲ್ಲೂ ಒತ್ತಡ ಒಂದು ಕ್ಷಣ ಶೂನ್ಯ ದಾಟಿ ಹೋಗುತ್ತದೆ, ಆ ಕ್ಷಣದಲ್ಲಿ ಸ್ಲೀವ್ ಸರಿಯುತ್ತದೆ. ಇಷ್ಟರಿಂದಲೇ ದೀಪ ಆರಿದರೆ ಬಾನೆಟ್ ಎತ್ತುವ ಅಗತ್ಯವೇ ಇಲ್ಲ.

ಟೈರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಹಿಡಿಯಬೇಕು. 265/60 ಆರ್18 ಟೈರಿನ ಸುತ್ತಳತೆ ಸುಮಾರು 2435 ಮಿಲಿಮೀಟರ್. ಹಿಂದೆ ಎರಡು ಹೊಸ ಟೈರು, ಮುಂದೆ 6 ಮಿಲಿಮೀಟರ್ ಸವೆದ ಎರಡು ಹಳೆಯವು ಎಂದಿಟ್ಟುಕೊಳ್ಳಿ. ಸುತ್ತಳತೆಯಲ್ಲಿ 38 ಮಿಲಿಮೀಟರ್ ವ್ಯತ್ಯಾಸ. ಒಂದು ಕಿಲೋಮೀಟರಿಗೆ ಚಕ್ರ 410 ಸುತ್ತು ಹಾಕುತ್ತದೆ, ಅಂದರೆ ಕಿಲೋಮೀಟರಿಗೆ ಸುಮಾರು 15 ಮೀಟರ್ ಹೊಂದಾಣಿಕೆ ತಪ್ಪುತ್ತದೆ. ಎಚ್4ನಲ್ಲಿ ನೆಟ್ಟಗೆ ಓಡಿದರೂ ಬಿಗಿ ಏರುತ್ತಲೇ ಹೋಗುತ್ತದೆ. ಪಂಕ್ಚರ್ ಆಗಿ ಎಂದೂ ಬಳಸದ ಸ್ಟೆಪ್ನಿ ಹಾಕಿದ ಗಾಡಿಯಲ್ಲೂ ಇದೇ ಕಥೆ. ಗಾಳಿ ಸರಿಮಾಡಿ, ಟೈರಿಗೂ ನೆಲಕ್ಕೂ ಸೀಮೆಸುಣ್ಣದ ಗುರುತು ಹಾಕಿ, ಗಾಡಿಯನ್ನು ಒಂದು ಸುತ್ತು ತಳ್ಳಿ ನಾಲ್ಕೂ ಚಕ್ರದ ಓಟ ಅಳೆದು ಬರೆದುಕೊಳ್ಳಿ. ಖರ್ಚಿಲ್ಲದ ಪರೀಕ್ಷೆ.

ಆಮೇಲೆ ಬ್ಯಾಟರಿ. ಗಾಡಿ ಒಂದು ರಾತ್ರಿ ನಿಂತ ಮೇಲೆ 12.6 ವೋಲ್ಟ್ ಆಸುಪಾಸು, ಎಂಜಿನ್ ಓಡುವಾಗ 13.8ರಿಂದ 14.5, ಸ್ಟಾರ್ಟ್ ಮಾಡುವಾಗ 9.6ಕ್ಕಿಂತ ಕೆಳಗಿಳಿಯಬಾರದು. ವೋಲ್ಟೇಜ್ ಕಡಿಮೆಯಾದರೆ ಮೋಟರ್ ನಿಧಾನವಾಗಿ ತಿರುಗುತ್ತದೆ. ಇಸಿಯು ಕೊಟ್ಟ ಸಮಯದೊಳಗೆ ಗುರಿ ಮುಟ್ಟದಿದ್ದರೆ ಅದನ್ನೂ ದೋಷವೆಂದೇ ದಾಖಲಿಸುತ್ತದೆ. ಫ್ಯೂಸನ್ನು ಕಣ್ಣಲ್ಲಿ ನೋಡಿ ಬಿಡಬೇಡಿ. ಕೂತಲ್ಲೇ ಅದರ ಎರಡೂ ತುದಿಗೆ ಟೆಸ್ಟ್ ಲ್ಯಾಂಪ್ ಮುಟ್ಟಿಸಿ, ಎರಡೂ ಕಡೆ ಉರಿಯಬೇಕು.

ದೋಷದ ಕೋಡು ಓದುವ ಸ್ಕ್ಯಾನರ್ ಹಾಕುವಾಗ ಒಂದು ಎಚ್ಚರ. ಆನ್‌ಲೈನಿನಲ್ಲಿ ಸಿಗುವ, ಗಾಡಿಯ ಸಾಕೆಟ್ಟಿಗೆ ಸಿಕ್ಕಿಸುವ ಅಗ್ಗದ ಓಬಿಡಿ ಡಾಂಗಲ್‌ಗಳಲ್ಲಿ ಹೆಚ್ಚಿನವು ಎಂಜಿನ್ನಿನ ಕೋಡುಗಳನ್ನಷ್ಟೇ ಓದುತ್ತವೆ. ಫೋರ್‌ವೀಲ್ ಇಸಿಯುವಿನೊಳಗಿನ ಕೋಡು ಓದಲು ಆ ಕಂಪನಿಯ ಎಲ್ಲ ಮಾಡ್ಯೂಲುಗಳನ್ನೂ ತಲುಪುವ ಸ್ಕ್ಯಾನರ್ ಬೇಕು. ಡಾಂಗಲ್ "ದೋಷವಿಲ್ಲ" ಎಂದಿತೆಂದು ನಂಬಿ ಕೂರಬೇಡಿ. ಎಬಿಎಸ್ ದೀಪವೂ ಜೊತೆಗೆ ಹತ್ತಿದ್ದರೆ ಅಲ್ಲಿಂದ ಶುರುಮಾಡಿ, ಚಕ್ರದ ವೇಗದ ಸೆನ್ಸರ್ ಒಂದು ಕೆಟ್ಟರೆ ಫೋರ್‌ವೀಲ್ ಕಡೆಗೂ ಅದರ ಬಿಸಿ ತಟ್ಟಬಹುದು. ಕೋಡುಗಳನ್ನು ಅಳಿಸುವ ಮೊದಲು ಫೋಟೋ ತೆಗೆದಿಡಿ. ಅಳಿಸಿಬಿಟ್ಟರೆ ಅಪರೂಪಕ್ಕೊಮ್ಮೆ ಬರುವ ದೋಷದ ಜಾಡು ಕೈಬಿಟ್ಟಂತೆ.

ಈಗ ಕಿವಿಯ ಕೆಲಸ. ಎಂಜಿನ್ ಆಫ್, ಇಗ್ನಿಷನ್ ಆನ್, ಫ್ಯಾನು ರೇಡಿಯೋ ಎಲ್ಲ ಬಂದ್. ಒಬ್ಬರು ಎಚ್2ನಿಂದ ಎಚ್4ಗೆ ತಿರುಗಿಸಲಿ, ಇನ್ನೊಬ್ಬರು ಗಾಡಿಯ ಪಕ್ಕದಲ್ಲಿ ಕೂತು ಕಿವಿಗೊಡಲಿ. ಮೋಟರಿನ ಗುಂಯ್ ಎನ್ನುವ ಸದ್ದು ಬರಬೇಕು. ಸದ್ದೇ ಇಲ್ಲದಿದ್ದರೆ ಕರೆಂಟ್ ಬರುತ್ತಿಲ್ಲ ಅಥವಾ ಮೋಟರ್ ಹಿಡಿದುಕೊಂಡಿದೆ. ಒಮ್ಮೆ ಸದ್ದು ಬಂದು ನಿಂತೂ ದೀಪ ಮಿನುಗುತ್ತಿದ್ದರೆ ಸ್ಲೀವ್ ಕೂತಿಲ್ಲ, ಇಲ್ಲವೇ ವರದಿಯ ಸ್ವಿಚ್ ಸುಳ್ಳು ಹೇಳುತ್ತಿದೆ.

ಸುಳ್ಳು ಯಾರದೆಂದು ತಿಳಿಯಲು ಶಾಫ್ಟ್ ಪರೀಕ್ಷೆ. ಸಮತಟ್ಟು ಜಾಗ, ಕೀ ತೆಗೆದು ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ಸೈಲೆನ್ಸರ್ ತಣ್ಣಗಾದ ಮೇಲೆ ಕೆಳಗೆ ಹೋಗಿ. ಎಚ್2ನಲ್ಲಿ ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಕೈಯಲ್ಲಿ ತಿರುಗಬೇಕು. ಹೊರಬಂದು ಎಚ್4 ಹಾಕಿ, ಮತ್ತೆ ಕೀ ತೆಗೆದು ನೋಡಿದರೆ ತುಸು ಆಟ ಬಿಟ್ಟು ಅಲುಗಬಾರದು. ಎಚ್4ನಲ್ಲೂ ಸಲೀಸಾಗಿ ಸುತ್ತಿದರೆ ಎರಡೂ ಕಡೆ ಗೇರು ಕೂತಿಲ್ಲ. ಅಲುಗದಿದ್ದರೆ ಕನಿಷ್ಠ ಒಂದು ಕಡೆ ಕೂತಿದೆ, ಯಾವುದು ಎಂದು ತಿಳಿಯಲು ಮುಂದಿನ ಎರಡೂ ಚಕ್ರ ಎತ್ತಿ ಚಾಸಿಸ್ ಕೆಳಗೆ ಸ್ಟ್ಯಾಂಡ್ ಕೊಡಿ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಎಂದಿಗೂ ಹೋಗಬೇಡಿ. ಒಬ್ಬರು ಬಲಚಕ್ರ ಅದುಮಿ ಹಿಡಿದು, ಇನ್ನೊಬ್ಬರು ಎಡಚಕ್ರ ತಿರುಗಿಸಲಿ. ಚಕ್ರ ತಿರುಗದೆ ನಿಂತರೆ ಎರಡೂ ಕಡೆ ಕೂತಿದೆ. ಹಾಗಿದ್ದೂ ದೀಪ ಮಿನುಗಿದರೆ ತಪ್ಪು ವರದಿಯದು. ಚಕ್ರದ ಜೊತೆ ಶಾಫ್ಟೂ ತಿರುಗಿದರೆ ಟ್ರಾನ್ಸ್‌ಫರ್ ಕೂತಿಲ್ಲ. ಚಕ್ರ ತಿರುಗಿ ಶಾಫ್ಟ್ ನಿಂತೇ ಇದ್ದರೆ ಎಡಿಡಿ ಕೂತಿಲ್ಲ. ಒಂದು ಪಾರ್ಟನ್ನೂ ಬಿಚ್ಚದೆ ಇಷ್ಟು ಖಚಿತವಾಗಿ ಹೇಳುವ ಇನ್ನೊಂದು ಪರೀಕ್ಷೆ ಇಲ್ಲ. ಮೋಟರಿಗೆ ಆರ್ಡರ್ ಕೊಡುವ ಮೊದಲು ಇದನ್ನು ಮಾಡಲೇಬೇಕು.

ನಮ್ಮ ಮಳೆಗೆ ಹೆಚ್ಚು ಸೋಲುವುದು ಎಡಿಡಿ ಕಡೆಯ ಕಪ್ಲರ್, ಅಂದರೆ ವೈರುಗಳನ್ನು ಸೇರಿಸುವ ಪ್ಲಗ್. ಅದು ತಗ್ಗಿನಲ್ಲಿದೆ, ಹಳ್ಳ ದಾಟುವಾಗ ಮೊದಲು ಮುಳುಗುವ ಜಾಗ. ಬಿಚ್ಚಿ ಟಾರ್ಚ್ ಹಾಕಿ ನೋಡಿ. ಪಿನ್ನಿನ ಬುಡದಲ್ಲಿ ಹಸಿರು ಕಿಲುಬು, ರಬ್ಬರ್ ಸೀಲಿನ ಅಂಚಿನಲ್ಲಿ ಕೆಮ್ಮಣ್ಣಿನ ಗೆರೆ ಕಂಡರೆ ನೀರು ಒಳಗೆ ಹೋಗಿದೆ. ಎಷ್ಟೋ ಸಲ ಪಿನ್ ಮೇಲೆ ಹೊಳೆಯುತ್ತಿದ್ದರೂ ಒಂದೆರಡು ಅಂಗುಲ ಹಿಂದೆ ವೈರಿನ ಕವಚದೊಳಗೆ ತಾಮ್ರ ಕಪ್ಪಾಗಿರುತ್ತದೆ. ಬೆರಳಲ್ಲಿ ಬಗ್ಗಿಸಿದರೆ ಅಲ್ಲಿ ಮೆತ್ತಗೆ ಸಿಗುತ್ತದೆ. ತೋಟದ ಶೆಡ್ಡಿನಲ್ಲಿ ನಿಲ್ಲುವ ಗಾಡಿಯಾದರೆ ಇಲಿ ಕಡಿದ ಗುರುತನ್ನೂ ಹುಡುಕಿ.

ಇಲ್ಲಿ ಮಲ್ಟಿಮೀಟರನ್ನು ಓಮ್ಸ್‌ಗಿಟ್ಟು "ವೈರ್ ಸರಿಯಿದೆ" ಎನ್ನುವುದು ಸಾಮಾನ್ಯ ತಪ್ಪು. ಮೋಟರ್ 10 ಆಂಪಿಯರ್ ಎಳೆಯುವಾಗ ಅರ್ಧ ಓಮಿನ ಕಿಲುಬು 5 ವೋಲ್ಟ್ ತಿನ್ನುತ್ತದೆ, ಮೋಟರಿಗೆ ಉಳಿಯುವುದು ಏಳೇ. ಮಲ್ಟಿಮೀಟರಿನ ಸ್ವಂತ ವೈರುಗಳೇ ಓಮಿನ ಕೆಲವು ದಶಾಂಶ ತೋರಿಸುವುದರಿಂದ ಆ ಅರ್ಧ ಓಮ್ ಕಣ್ಣಿಗೇ ಬೀಳುವುದಿಲ್ಲ. ಒಂದೇ ಎಳೆ ಉಳಿದಿರುವ ವೈರ್ ಕೂಡ ಬೀಪ್ ಎನ್ನುತ್ತದೆ. ಅದಕ್ಕೇ ಕೆಲಸ ನಡೆಯುತ್ತಿರುವಾಗ ಅಳೆಯಬೇಕು: ಕಪ್ಲರ್ ಸೇರಿಸಿಯೇ ಹಿಂದಿನಿಂದ ಸಪೂರ ಪಿನ್ ತೂರಿಸಿ, ಸ್ವಿಚ್ ತಿರುಗಿಸಿ ಮೋಟರ್ ಓಡುವ ಆ ಒಂದೆರಡು ಸೆಕೆಂಡಿನಲ್ಲಿ ವೋಲ್ಟ್ ಓದಿ. ಬ್ಯಾಟರಿಯ ಪ್ಲಸ್‌ನಿಂದ ಮೋಟರಿನ ಪ್ಲಸ್‌ಗೆ ನಷ್ಟ ಅರ್ಧ ವೋಲ್ಟ್ ಮೀರಬಾರದು. ಅರ್ಥ್ ಕಡೆ 0.1ರಿಂದ 0.2 ವೋಲ್ಟಿನೊಳಗೆ ಇರಬೇಕು. ದಿಕ್ಕು ಬದಲಾದಾಗ ಪ್ಲಸ್ಸೂ ಮೈನಸ್ಸೂ ಅದಲು ಬದಲಾಗುತ್ತವೆ, ಗಾಬರಿ ಬೇಡ. ಪೂರ್ತಿ ವೋಲ್ಟೇಜ್ ಬಂದೂ ಮೋಟರ್ ಸುಮ್ಮನಿದ್ದರೆ ಆಗ ಮೋಟರೇ ಹೋಗಿದೆ. ಒಳಗೆ ನೀರು ಸೇರಿ ತುಕ್ಕು ಹಿಡಿದಿರುತ್ತದೆ, ಇಲ್ಲವೇ ಗ್ರೀಸ್ ಒಣಗಿ ಅಂಟಾಗಿರುತ್ತದೆ.

ಕಿಲುಬು ಕಂಡರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಮೃದು ಬ್ರಷ್ಷಿನಲ್ಲಿ ಉಜ್ಜಿ. ಉಪ್ಪುಕಾಗದ ಬೇಡ, ಪಿನ್ನಿನ ಲೇಪ ಹೋದರೆ ಮುಂದಿನ ಮಳೆಗೆ ಮತ್ತೆ ಅದೇ ಪಾಡು. ನೀರು ತಡೆಯುವ ಡೈಎಲೆಕ್ಟ್ರಿಕ್ ಗ್ರೀಸ್ ಸೀಲಿನ ಸುತ್ತ ತೆಳ್ಳಗೆ ಸವರಿದರೆ ಸಾಕು. ಕಪ್ಪಾದ ವೈರನ್ನು ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ, ಕ್ರಿಂಪ್ ಮಾಡಿ (ಲೋಹದ ತುಣುಕಿನಲ್ಲಿ ಒತ್ತಿ ಜೋಡಿಸಿ), ಒಳಗೆ ಅಂಟು ಸವರಿದ ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗುವ ಕೊಳವೆ) ಹಾಕಿ. ಇನ್ಸುಲೇಷನ್ ಟೇಪು ಗಾಡಿಯ ಹೊಟ್ಟೆಯಡಿ ಒಂದು ಮಳೆಗಾಲವೂ ತಡೆಯುವುದಿಲ್ಲ.

ವರದಿಯ ಸ್ವಿಚ್ಚುಗಳ ತುದಿಯಲ್ಲಿ ಒಂದು ಉಕ್ಕಿನ ಗುಂಡು ಇರುತ್ತದೆ. ಸ್ವಿಚ್ ಬಿಚ್ಚಿ ಗುಂಡನ್ನು ಬೆರಳಲ್ಲಿ ಒತ್ತಿ: ಒಳಗೆ ಹೋಗಿ ಟಪ್ಪನೆ ಹಿಂತಿರುಗಬೇಕು, ಮಲ್ಟಿಮೀಟರಿನಲ್ಲಿ ಸಂಪರ್ಕ ಸ್ಪಷ್ಟವಾಗಿ ಬಂದು ಹೋಗಬೇಕು. ಜಿಡ್ಡಿಗೆ ಗುಂಡು ಒಳಗೇ ನಿಂತರೆ ಗೇರು ಯಾವ ಸ್ಥಾನದಲ್ಲಿದ್ದರೂ ಇಸಿಯುಗೆ ಹೋಗುವ ವರದಿ ಒಂದೇ. ಸ್ವಿಚ್ ಬೆಲೆ ಮೋಟರಿನ ಬೆಲೆಗೆ ಹೋಲಿಸಿದರೆ ಏನೂ ಅಲ್ಲ. ಕೂರಿಸುವಾಗ ವಾಷರ್ ಹೊಸದು ಹಾಕಿ.

ಆಯಿಲ್ ನೋಡದೆ ಮುಗಿಸಬಾರದು. ಓಡಿ ಬಿಸಿಯಾದ ಹೌಸಿಂಗ್ ತಣ್ಣನೆಯ ಹಳ್ಳಕ್ಕಿಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಹೌಸಿಂಗ್ ಉಸಿರಾಡಲು ಇರುವ ಬ್ರೀದರ್ ಪೈಪ್ ತೆರೆದಿದ್ದರೆ ಅದು ಮೇಲಿನಿಂದ ಗಾಳಿ ಎಳೆದುಕೊಳ್ಳುತ್ತದೆ. ಕಣಜ ಗೂಡು ಕಟ್ಟಿಯೋ ಮಣ್ಣು ಮೆತ್ತಿಯೋ ಪೈಪ್ ಕಟ್ಟಿಕೊಂಡಿದ್ದರೆ ಹೌಸಿಂಗ್ ಆಯಿಲ್ ಸೀಲಿನ ಅಂಚಿನಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದೇ ಅರ್ಥ. ಡ್ರೈನ್ ಬೋಲ್ಟಿಗಿಂತ ಮೊದಲು ತುಂಬುವ ಬೋಲ್ಟ್ ಬಿಚ್ಚಿ. ಅದು ತುಕ್ಕು ಹಿಡಿದು ಬರದಿದ್ದರೆ ಆಯಿಲ್ ಖಾಲಿಯಾದ ಗಾಡಿ ಅಲ್ಲೇ ಕೂರುತ್ತದೆ. ಕೈಪಿಡಿಯಲ್ಲಿ ಹೇಳಿದ ದರ್ಜೆಯನ್ನೇ, ತುಂಬುವ ತೂತಿನ ಕೆಳಅಂಚಿನವರೆಗೆ ಹಾಕಿ. ಟ್ರಾನ್ಸ್‌ಫರ್ ಕೇಸಿಗೆ ಕೈಗೆ ಸಿಕ್ಕ ದಪ್ಪ ಗೇರ್ ಆಯಿಲ್ ಸುರಿದರೆ ಬೆಳಗಿನ ಚಳಿಯಲ್ಲಿ ಸ್ಲೀವ್ ಸರಿಯಲು ತಡವಾಗಿ ಮತ್ತೆ ಅದೇ ದೀಪ.

ದೀಪ ಮಿನುಗುತ್ತಿರುವ ಗಾಡಿಯನ್ನು ನಿಲ್ಲಿಸುವಾಗ ಪ್ರಾಣಕ್ಕೆ ಸಂಬಂಧಿಸಿದ ಮಾತೊಂದಿದೆ. ಎಚ್4 ಮತ್ತು ಎಲ್4 ನಡುವೆ ಅರ್ಧಕ್ಕೆ ನಿಂತ ಟ್ರಾನ್ಸ್‌ಫರ್ ನ್ಯೂಟ್ರಲ್‌ನಲ್ಲಿರಬಹುದು. ಆಗ ಆಟೋಮ್ಯಾಟಿಕ್ ಗೇರಿನ ಪಾರ್ಕ್ ಸ್ಥಾನವಾಗಲಿ, ಮ್ಯಾನ್ಯುಯಲ್‌ನ ಒಂದನೇ ಗೇರಾಗಲಿ ಚಕ್ರವನ್ನು ಹಿಡಿಯುವುದಿಲ್ಲ. ಮಲೆನಾಡಿನ ಇಳಿಜಾರಿನಲ್ಲಿ ಗಾಡಿ ಸೀದಾ ಉರುಳುತ್ತದೆ. ಹ್ಯಾಂಡ್‌ಬ್ರೇಕ್ ಗಟ್ಟಿ ಎಳೆದು ಚಕ್ರಕ್ಕೆ ಕಲ್ಲು ಕೊಟ್ಟೇ ಇಳಿಯಿರಿ. ಅಂಥ ಗಾಡಿಯನ್ನು ಹಗ್ಗ ಕಟ್ಟಿ ಎಳೆಯುವುದೂ ಬೇಡ, ನಾಲ್ಕೂ ಚಕ್ರ ಮೇಲಿರುವ ಫ್ಲಾಟ್‌ಬೆಡ್ ಕರೆಸಿ. ಎಚ್2ನಲ್ಲೇ ಭದ್ರವಾಗಿ ಕೂತು, ಸದ್ದು ಎಳೆತ ಏನೂ ಇಲ್ಲದಿದ್ದರೆ ಡಾಂಬರಿನ ಮೇಲೆ ನಿಧಾನವಾಗಿ ಗ್ಯಾರೇಜ್ ತಲುಪಬಹುದು.

ಇಷ್ಟೆಲ್ಲ ಸರಿಯಿದ್ದು, ಇಸಿಯುಗೆ ಕರೆಂಟೂ ಅರ್ಥೂ ಬಂದು, ಸ್ವಿಚ್ಚಿನ ಹುಕುಂ ಒಳಗೆ ಹೋಗುವುದು ಸ್ಕ್ಯಾನರಿನಲ್ಲಿ ಕಂಡೂ ಮೋಟರ್ ಕಡೆಗೆ ಏನೂ ಹೊರಬರದಿದ್ದರೆ ಮಾತ್ರ ಇಸಿಯು ಮೇಲೆ ಕೈಯಿಡಿ.

ರಿಪೇರಿಯಾದ ಮೇಲೆ ಕೋಡು ಅಳಿಸಿ, ಹುಲ್ಲು ಅಥವಾ ಸಡಿಲ ಮಣ್ಣಿನ ಮೇಲೆ ಮೂರೂ ಸ್ಥಾನಗಳಿಗೆ ಹತ್ತಾರು ಸಲ ಹಾಕಿ ತೆಗೆದು, ಮತ್ತೆ ಸ್ಕ್ಯಾನ್ ಮಾಡಿ. ಮುಂದಿನ ಬಿಡಿಭಾಗಗಳಿಗೆ ಆಯಿಲ್ ಹಿಡಿಯಲೆಂದು ತಿಂಗಳಿಗೆ ಕನಿಷ್ಠ 16 ಕಿಲೋಮೀಟರ್ ಫೋರ್‌ವೀಲ್‌ನಲ್ಲಿ ಓಡಿಸಿ ಎಂದು ಟೊಯೋಟಾದ ಹಲವು ಕೈಪಿಡಿಗಳಲ್ಲಿದೆ. ಬೇಸಿಗೆಯಲ್ಲಿ ಇದನ್ನು ತೋಟದ ಮಣ್ಣುದಾರಿಯಲ್ಲೇ ಮಾಡಿ, ಡಾಂಬರಿನಲ್ಲಿ ಬೇಡ. ಮತ್ತೆ ಗಾಡಿ ತೊಳೆಯುವವರಿಗೆ ಹೇಳಿ: ಪ್ರೆಷರ್ ಪಂಪಿನ ನಳಿಗೆಯನ್ನು ಮುಂದಿನ ಹೌಸಿಂಗಿನ ಕಪ್ಲರಿಗೆ ನೇರ ಹಿಡಿಯಬಾರದು.