ಹಳೇ ಡಚ್ ಸಮುದ್ರದ ಚಿತ್ರಗಳು ಕಂಡಿದ್ದಾ, ಕಟ್ಟಿದ್ದಾ?

ಡಚ್ಚರ ಸಮುದ್ರ ಚಿತ್ರಗಳ ಬಗ್ಗೆ ನಾನು ಮಾತು ತೆಗೆದ್ರೆ ಸಾಕು, ಒಂದೇ ಪ್ರಶ್ನೆ ಬರುತ್ತೆ. ಅವ್ರು ಕಂಡಿದ್ದನ್ನ ಕಂಡ ಹಾಗೇ ಬಿಡಿಸ್ತಿದ್ರಾ, ಇಲ್ಲಾ ಚೆನ್ನಾಗಿ ಕಾಣ್ಲಿ ಅಂತ ಸೇರಿಸ್ತಿದ್ರಾ? ನಾನು ಹೇಳೋದು, ಹಡಗನ್ನ ನಂಬಿ, ದಡಾನ ಅಷ್ಟು ಸುಲಭಕ್ಕೆ ನಂಬ್ಬೇಡಿ.

ಈ ಪರಂಪರೆ ಶುರುವಾಗಿದ್ದೇ ಹಾರ್ಲೆಮ್ ಊರಿನ ಚಿತ್ರಗಾರ ಹೆಂಡ್ರಿಕ್ ವ್ರೂಮ್‌ನಿಂದ ಅಂತಾರೆ. 1599ರಲ್ಲಿ ಈಸ್ಟ್ ಇಂಡೀಸ್‌ನಿಂದ, ಅಂದ್ರೆ ಈಗಿನ ಇಂಡೋನೇಷ್ಯಾ ಕಡೆಯಿಂದ, ಮಸಾಲೆ ತುಂಬ್ಕೊಂಡು ನಾಲ್ಕು ಹಡಗು ಆಮ್‌ಸ್ಟರ್‌ಡ್ಯಾಮ್‌ಗೆ ವಾಪಸ್ ಬಂದಿದ್ದನ್ನ ಅವನು ಬಿಡಿಸಿದಾನೆ, ಈಗ ಅದೇ ಊರಿನ ರೈಕ್ಸ್‌ಮ್ಯೂಸಿಯಂ ಅನ್ನೋ ದೊಡ್ಡ ವಸ್ತುಸಂಗ್ರಹಾಲಯದಲ್ಲಿದೆ. ಹಗ್ಗ, ಹಾಯಿ, ಬಾವುಟ, ಸುತ್ತ ಮುತ್ತಿಕೊಂಡಿರೋ ಸಣ್ಣ ದೋಣಿಗಳು, ಒಂದೊಂದೂ ಲೆಕ್ಕ ಹಾಕಿ ಇಟ್ಟ ಹಾಗಿದೆ. ಇರಲೇಬೇಕಿತ್ತು, ಯಾಕಂದ್ರೆ ಇಂಥ ಚಿತ್ರ ಕೊಳ್ತಿದ್ದೋರು ವ್ಯಾಪಾರಿಗಳು, ಹಡಗಿನ ಜನ, ನಗರದ ಆಡಳಿತಗಾರರು, ಒಂದು ಹಗ್ಗ ತಪ್ಪು ಕಡೆ ಕಟ್ಟಿದ್ರೂ ಅವ್ರಿಗೆ ಗೊತ್ತಾಗೋದು. ಆದ್ರೆ ವ್ರೂಮ್‌ನ ಅಲೆಗಳು ಹಸಿರು ಬಣ್ಣ ಬಳ್ಕೊಂಡು, ಬಾಚಣಿಗೆ ಹಾಕಿ ಬಾಚಿದ ಹಾಗೆ ಸಾಲಾಗಿ ನಿಂತಿರ್ತವೆ!

ಇನ್ನು ದಡ. ಡಚ್ಚರ ದೇಶ ನೆದರ್‌ಲೆಂಡ್ಸ್‌ನ ಕಡಲತೀರ ಅಂದ್ರೆ ಚಪ್ಪಟೆ, ಬರೀ ಮರಳು. ಆದ್ರೆ ಉಟ್ರೆಕ್ಟ್‌ನ ಆಡಮ್ ವಿಲ್ಲಾರ್ಟ್ಸ್ ಚಿತ್ರಗಳಲ್ಲಿ ಕಡಿದಾದ ಬಂಡೆಗಳು ಎದ್ದು ನಿಂತಿರ್ತವೆ, ಮನೆ ಹತ್ರ ಅಂಥ ಬಂಡೆ ಒಂದೂ ಇಲ್ಲ. ಅಲ್ಲಿ ಹಡಗುಗಳು ಸಿಕ್ಕಿಹಾಕ್ಕೊಂಡು ಒಡೀತಿದ್ದಿದ್ದು ನೀರಡಿಯ ಮರಳುದಿಬ್ಬದಲ್ಲಿ, ಅದು ಕಣ್ಣಿಗೆ ಕಾಣಲ್ಲ, ಚಿತ್ರದಲ್ಲಿ ಭಯ ಹುಟ್ಟಿಸೋಕೆ ಬಂಡೆಯೇ ಬೇಕು. ನಂಗಿದು ಮೋಸ ಅನ್ಸಲ್ಲ.

1620ರ ದಶಕದಲ್ಲಿ ಯಾನ್ ಪೊರ್ಸೆಲಿಸ್ ಇದನ್ನೆಲ್ಲ ತಲೆಕೆಳಗು ಮಾಡಿದ. ದಿಗಂತಾನ ಕೆಳಗೆ ಎಳೆದು, ಮುಕ್ಕಾಲು ಭಾಗ ಆಕಾಶಕ್ಕೇ ಕೊಟ್ಟು, ದೊಡ್ಡ ಹಡಗಿನ ಬದಲು ಗಾಳಿಗೆ ವಾಲಿರೋ ಒಂದು ಮೀನುಗಾರರ ದೋಣಿ, ಎಲ್ಲಾ ಬೂದು, ಕಂದು. ಹೆಸರಾಂತ ಡಚ್ ಚಿತ್ರಗಾರ ರೆಂಬ್ರಾಂಟ್ ಇವನ ಚಿತ್ರಗಳನ್ನ ಕೊಂಡು ಮನೇಲಿ ಇಟ್ಕೊಂಡಿದ್ದ. ನೋಡಿದ ತಕ್ಷಣ ಮುಖಕ್ಕೆ ಉಪ್ಪುನೀರು ಹಾರಿದ ಹಾಗಾಗುತ್ತೆ, ನನ್ನ ಮನಸಿಗೆ ತುಂಬಾ ಹತ್ರ ಇರೋನು ಇವನೇ. ಆದ್ರೂ ಆ ಕಡಲು ದಿನಾ ಬೂದುಬಣ್ಣದಲ್ಲಿ ಇರ್ತಿತ್ತಾ? ನೀಲಿ, ಹಸಿರು ಬೇಡ ಅಂತ ಪಕ್ಕಕ್ಕಿಟ್ಟಿದ್ದು ಅವನೇ ಅಲ್ವಾ.

ಕಣ್ಣಾರೆ ಕಂಡಿದ್ದು ಅನ್ನೋ ಮಾತಿಗೆ ಎಲ್ರೂ ತೋರ್ಸೋದು ಹಿರಿಯ ವಿಲ್ಲೆಮ್ ವಾನ್ ಡೆ ವೆಲ್ಡೆನ. ಯುದ್ಧ ನಡೀತಿರುವಾಗ್ಲೇ ಚಿಕ್ಕ ಹಡಗಿನಲ್ಲಿ ಕೂತು, ಫಿರಂಗಿ ಹಾರ್ತಿದ್ರೂ ಕಾಗದದ ಮೇಲೆ ಗೀಚ್ತಿದ್ದ ಮನುಷ್ಯ. 1653ರಲ್ಲಿ ಡಚ್ಚರಿಗೂ ಇಂಗ್ಲಿಷರಿಗೂ ನಡೆದ ಸ್ಖೇವೆನಿಂಗೆನ್ ಸಮುದ್ರ ಕಾಳಗದ ಅವನ ಒಂದು ಚಿತ್ರ ಲಂಡನ್ನಿನ ಗ್ರೀನಿಚ್‌ನ ಕಡಲ ವಸ್ತುಸಂಗ್ರಹಾಲಯದಲ್ಲಿದೆ, ಬಿಳಿ ಹಿನ್ನೆಲೆ ಮೇಲೆ ಪೆನ್ನಿನಲ್ಲೇ ಬಿಡಿಸಿದ್ದು. ಅದರಲ್ಲಿ ಅವನೂ ಇದಾನೆ, ತನ್ನ ಹಡಗಿನಲ್ಲಿ ಕೂತು ಚಿತ್ರ ಬಿಡಿಸ್ತಾ. ನಾನಲ್ಲೇ ಇದ್ದೆ ಅಂತ ಸಾಕ್ಷಿ ಹೇಳೋಕೆ ಹಾಕಿದ್ದು ಅದು, ಆದ್ರೆ ಅದರೊಳಗೇ ಕೂತಿದ್ದೋನು ಆ ಹಡಗನ್ನ ಹೊರಗಿಂದ ಯಾವಾಗ ನೋಡಿದ?