ಲಾಕ್‌ಡೌನಿನಲ್ಲಿ ಚೊಚ್ಚಲ ಹೆರಿಗೆ: "ಭಯ ಆಗ್ಲಿಲ್ವಾ?" ಅಂತ ಕೇಳುವವರಿಗೆ

ನನ್ನ ಮಗಳು ಹುಟ್ಟಿದ್ದು 2020ರ ಮೇ ತಿಂಗಳಲ್ಲಿ, ಮೈಸೂರಿನಲ್ಲಿ. ಇಷ್ಟು ಹೇಳಿದರೆ ಸಾಕು, ಎದುರಿಗಿದ್ದವರು ಕೇಳುವ ಪ್ರಶ್ನೆ ಒಂದೇ. "ಅಯ್ಯೋ, ಲಾಕ್‌ಡೌನಲ್ಲಾ? ಚೊಚ್ಚಲ ಹೆರಿಗೆ ಬೇರೆ. ಭಯ ಆಗ್ಲಿಲ್ವಾ?" ಮದುವೆ ಮನೆಯಲ್ಲಿ ಕೇಳುತ್ತಾರೆ, ಮಗಳ ಸ್ಕೂಲಿನ ಗೇಟಿನ ಹತ್ತಿರ ಕೇಳುತ್ತಾರೆ. ಈಗ ಬಸುರಿಯಾಗಿರುವ ಹುಡುಗಿಯರಂತೂ ಕೈ ಹಿಡಿದು ಕೂರಿಸಿಕೊಂಡು ಕೇಳುತ್ತಾರೆ. ನಿಂತ ಜಾಗದಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಭಯ ಆಯ್ತು. ಕೊರೊನಾ ರೋಗದ ಭಯ ಇತ್ತು, ಅದಕ್ಕಿಂತ ಜಾಸ್ತಿ ಇದ್ದದ್ದು ಇನ್ನೊಂದು ಭಯ. ಹೆರಿಗೆ ಕೋಣೆಯಲ್ಲಿ ನನ್ನವರು ಅಂತ ಯಾರೂ ಇರುವುದಿಲ್ಲ ಅನ್ನುವುದು.

ಆ ದಿನಗಳು ಹೇಗಿದ್ದವು ಅಂತ ಸ್ವಲ್ಪ ನೆನಪು ಮಾಡುತ್ತೇನೆ, ಆಗಲೇ ಎಲ್ಲರಿಗೂ ಮರೆತು ಹೋಗುತ್ತಿದೆ. ಮಾರ್ಚ್ 22ಕ್ಕೆ ಜನತಾ ಕರ್ಫ್ಯೂ ಆಯಿತು. ಮಾರ್ಚ್ 25ಕ್ಕೆ ದೇಶಕ್ಕೇ ಬೀಗ ಬಿತ್ತು. ಅವತ್ತೇ ಯುಗಾದಿ. ಹಬ್ಬ ಕಳೆದ ಮೇಲೆ ನನ್ನ ಸೀಮಂತ ಅಂತ ಎರಡೂ ಮನೆಯವರು ಮಾತಾಡಿಕೊಂಡಿದ್ದರು. ಸೀಮಂತ ಮುಗಿಸಿ ಅಮ್ಮ ನನ್ನನ್ನು ತವರಿಗೆ ಕರೆದುಕೊಂಡು ಹೋಗಬೇಕಿತ್ತು. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನ ಹೊಣೆ. ನನ್ನ ತವರು ಪಾಂಡವಪುರದ ಹತ್ತಿರದ ಒಂದು ಹಳ್ಳಿ, ಮಂಡ್ಯ ಜಿಲ್ಲೆ. ಮೈಸೂರಿನಿಂದ ಬಸ್ಸಿನಲ್ಲಿ ಹೊರಟರೆ ಒಂದು ನಿದ್ದೆ ತೆಗೆಯುವಷ್ಟೂ ದೂರ ಇಲ್ಲ. ಆದರೆ ಮಧ್ಯೆ ಜಿಲ್ಲೆಯ ಗಡಿ ಇದೆ ಅನ್ನುವುದು ನನಗೆ ಗೊತ್ತಾಗಿದ್ದೇ ಆಗ.

ಅದೇ ಹೊತ್ತಿಗೆ ನಂಜನಗೂಡಿನ ಔಷಧ ಕಾರ್ಖಾನೆಯಲ್ಲಿ ಕೆಲಸ ಮಾಡುವವರಿಗೆ ಒಬ್ಬರಿಂದೊಬ್ಬರಿಗೆ ಸೋಂಕು ಹರಡಿತ್ತು. ದಿನಾ ಸಂಜೆ ಟಿವಿಯಲ್ಲಿ ಮೈಸೂರಿನ ಲೆಕ್ಕ ಏರುತ್ತಿತ್ತು. ಮೇ 1ಕ್ಕೆ ಕೇಂದ್ರ ಸರ್ಕಾರ ಪಟ್ಟಿ ಮಾಡಿದಾಗ ನಮ್ಮ ರಾಜ್ಯದಲ್ಲಿ ಸೋಂಕಿನ ಅಪಾಯ ಜಾಸ್ತಿ ಅಂತ ಕೆಂಪು ವಲಯಕ್ಕೆ ಸೇರಿದ್ದು ಬೆಂಗಳೂರು ನಗರ, ಬೆಂಗಳೂರು ಗ್ರಾಮಾಂತರ, ಮೈಸೂರು ಈ ಮೂರೇ ಜಿಲ್ಲೆ. ಮಂಡ್ಯ ಕಿತ್ತಳೆ ವಲಯದಲ್ಲಿತ್ತು. ನಮ್ಮೂರಿನವರು ಊರ ಬಾಗಿಲಿಗೆ ಮುಳ್ಳು ಕಡಿದು ಹಾಕಿದ್ದರು. ಮೈಸೂರಿನಿಂದ ಯಾರೂ ಬರುವ ಹಾಗಿಲ್ಲ ಅಂದರು. ನನಗೆ ಅವರ ಮೇಲೆ ಕೋಪ ಇಲ್ಲ. ಊರಲ್ಲಿ ಮುದುಕರು ಜಾಸ್ತಿ, ನಮ್ಮ ಅಜ್ಜಿಯೂ ಅದರಲ್ಲಿ ಒಬ್ಬರು. ಆದರೆ ಅಮ್ಮ ಫೋನಿನಲ್ಲಿ "ನಾನು ಏನ್ ಮಾಡ್ಲಿ ಕಣವ್ವ" ಅಂದು ಸುಮ್ಮನಾದದ್ದು ಇನ್ನೂ ಕಿವಿಯಲ್ಲಿದೆ. ಅಮ್ಮ ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಕೇಳಿಯೇ ಇರಲಿಲ್ಲ.

ಸೀಮಂತ ನಿಂತಿತು. ಹಸಿರು ಬಳೆ ಅಂಗಡಿಯಲ್ಲೇ ಉಳಿದವು. ಅದು ದೊಡ್ಡ ನಷ್ಟ ಅಂತ ಆಗ ಅನ್ನಿಸಿರಲಿಲ್ಲ. ದೊಡ್ಡ ತೊಂದರೆ ಆಸ್ಪತ್ರೆಯದು. ಮೊದಲಿನಿಂದ ತೋರಿಸುತ್ತಿದ್ದ ನರ್ಸಿಂಗ್ ಹೋಮ್ ಹೊರರೋಗಿಗಳನ್ನು ನೋಡುವುದನ್ನೇ ನಿಲ್ಲಿಸಿತು. ಎಂಟನೇ ತಿಂಗಳಲ್ಲಿ ಬೇರೆ ಕಡೆ ಹೋದರೆ "ಮೊದಲಿಂದ ನಮ್ಮಲ್ಲಿ ತೋರಿಸಿಲ್ಲ" ಅಂದರು. ಇನ್ನೊಂದು ಕಡೆ ಮೊದಲು ಕೊರೊನಾ ಪರೀಕ್ಷೆಯ ರಿಪೋರ್ಟ್ ತನ್ನಿ ಅಂದರು. ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಏಪ್ರಿಲ್ 20ಕ್ಕೆ ಹೊರಡಿಸಿದ ಸೂಚನೆಯನ್ನು ನಾನು ಆಮೇಲೆ ಓದಿದೆ. ಸೋಂಕು ಕಂಡು ಓಡಾಟ ನಿಲ್ಲಿಸಿದ ಕಂಟೈನ್‌ಮೆಂಟ್ ಪ್ರದೇಶದಲ್ಲಿದ್ದು ನೋವು ಶುರುವಾದವರಿಗೆ, ಇಲ್ಲವೇ 5 ದಿನದೊಳಗೆ ಹೆರಿಗೆ ಆಗಬಹುದಾದವರಿಗೆ, ಲಕ್ಷಣ ಇಲ್ಲದಿದ್ದರೂ ಪರೀಕ್ಷೆ ಮಾಡಿ ಅಂತ ಅದರಲ್ಲಿತ್ತು. ಪರೀಕ್ಷೆಯ ಸೌಲಭ್ಯ ಇಲ್ಲ ಅನ್ನುವ ಕಾರಣಕ್ಕೆ ಬಸುರಿಯನ್ನು ಬೇರೆ ಕಡೆ ಕಳಿಸಬೇಡಿ, ಸ್ಯಾಂಪಲ್ ತೆಗೆದು ನೀವೇ ಕಳಿಸಿ ಅಂತಲೂ ಇತ್ತು. ಕಾಗದದಲ್ಲಿ ಎಷ್ಟು ಚೆನ್ನಾಗಿದೆ ಅಲ್ವಾ? ಆ ಸಾಲು ಬಾಗಿಲಲ್ಲಿ ನಿಂತ ಸೆಕ್ಯೂರಿಟಿಯವರ ತನಕ ಬಂದಿರಲಿಲ್ಲ.

ಸರ್ಕಾರಿ ಚೆಲುವಾಂಬ ಆಸ್ಪತ್ರೆಗೇ ಹೋಗೋಣ ಅಂತಲೂ ಮಾತಾಯಿತು. ಮೈಸೂರಲ್ಲಿ ಹೆರಿಗೆ ಅಂದರೆ ಮೊದಲು ಬಾಯಿಗೆ ಬರುವ ಹೆಸರು ಅದೇ. ಅಮ್ಮ ನನ್ನನ್ನು ಹೆತ್ತಿದ್ದೂ ಅಲ್ಲೇ. ಅಷ್ಟರಲ್ಲಿ ಮನೆ ಹತ್ತಿರದ ಇನ್ನೊಂದು ಆಸ್ಪತ್ರೆಯ ಡಾಕ್ಟರಮ್ಮ ಒಪ್ಪಿಕೊಂಡರು. ಫೋನಿನಲ್ಲೇ ಮಾತಾಡಿ, ಬೇಕಾದಾಗ ಮಾತ್ರ ಬರಲು ಹೇಳಿದರು. ಒಂದು ಷರತ್ತು. ಜೊತೆಗೆ ಒಬ್ಬರೇ, ಅದೂ ವಾರ್ಡಿನ ತನಕ. ಲೇಬರ್ ರೂಮಿನೊಳಗೆ ಯಾರೂ ಬರುವ ಹಾಗಿಲ್ಲ.

ಇದೇ ನಾನು ಹೇಳಿದ ಆ ಭಯ.

ಒಂದು ರಾತ್ರಿ ಅಜ್ಜಿಗೆ ಫೋನ್ ಮಾಡಿ ಅತ್ತೆ. ಅಜ್ಜಿ ಸಮಾಧಾನ ಮಾಡಲಿಲ್ಲ, ಒಂದು ಕತೆ ಹೇಳಿದರು. ಅಜ್ಜಿಯ ಅಕ್ಕ ಹುಟ್ಟಿದ್ದು ಪ್ಲೇಗಿನ ಗುಡಿಸಲಲ್ಲಿ. ಮೈಸೂರು ಸೀಮೆಗೆ 1898ರಲ್ಲಿ ಬಂದ ಪ್ಲೇಗು ಒಂದೇ ಸಲಕ್ಕೆ ಹೋಗಲಿಲ್ಲ, ಎಷ್ಟೋ ವರ್ಷ ಮತ್ತೆ ಮತ್ತೆ ಬರುತ್ತಿತ್ತು. ಇಲಿ ಸತ್ತು ಬಿದ್ದರೆ ಊರಿಗೆ ಊರೇ ಮನೆ ಬಿಟ್ಟು ಹೊಲದಲ್ಲಿ ಸೋಗೆ ಗುಡಿಸಲು ಹಾಕಿಕೊಳ್ಳುತ್ತಿತ್ತು. ಅಂಥ ಗುಡಿಸಲಲ್ಲಿ ನನ್ನ ಮುತ್ತಜ್ಜಿಗೆ ನೋವು ಬಂತು. "ಊರು ಬಿಟ್ರೂ ಸೂಲಗಿತ್ತಿ ನಮ್ಮವ್ವನ್ನ ಬಿಡ್ಲಿಲ್ಲ ಕಣ್ ಮಗ. ಲಾಟೀನ್ ಹಿಡ್ಕೊಂಡ್ ಬಂದ್ಲು. ಬೆಳಗಾಗೋಗಂಟ ಸೊಂಟ ಒತ್ತುತಾ ಕೂತಿದ್ಲು" ಅಂದರು. ಆ ಮಾತು ಕೇಳಿ ನನಗೆ ಧೈರ್ಯ ಬಂತು ಅಂತ ಹೇಳಿದರೆ ಸುಳ್ಳು. ಪ್ಲೇಗಿನ ಕಾಲದ ಗುಡಿಸಲಲ್ಲೂ ನನ್ನ ಮುತ್ತಜ್ಜಿಯ ಪಕ್ಕ ಒಬ್ಬಳು ಕೂತಿದ್ದಳಲ್ಲಾ, 2020ರಲ್ಲಿ ನನಗೆ ಯಾಕಿಲ್ಲ ಅನ್ನುವ ಪ್ರಶ್ನೆ ಬಂತು. ಆ ಪ್ರಶ್ನೆ ಇವತ್ತಿಗೂ ಹೋಗಿಲ್ಲ.

ಹೆರಿಗೆಯ ದಿನದ ಬಗ್ಗೆ ಜನ ಜಾಸ್ತಿ ಕೇಳುತ್ತಾರೆ. ರಾತ್ರಿ ನೋವು ಶುರುವಾಯಿತು. ರಸ್ತೆ ಪೂರ್ತಿ ಖಾಲಿ. ಪೊಲೀಸರು ಒಂದು ಕಡೆ ನಿಲ್ಲಿಸಿದರು. ತಾಯಿ ಕಾರ್ಡ್ ತೋರಿಸಿದ ಕೂಡಲೇ ಬ್ಯಾರಿಕೇಡ್ ಸರಿಸಿದರು. ಆಸ್ಪತ್ರೆ ಬಾಗಿಲಲ್ಲಿ ಹಣೆಗೆ ಥರ್ಮಾಮೀಟರ್, ಕೈಗೆ ಸ್ಯಾನಿಟೈಸರ್. ನಮ್ಮನೆಯವರು ಮೆಟ್ಟಿಲ ಹತ್ತಿರ ನಿಂತರು, ನಾನು ಒಳಗೆ ಹೋದೆ.

ಒಳಗಿದ್ದ ಸಿಸ್ಟರ್ ಮೈತುಂಬ ಬಿಳಿ ಪಿಪಿಇ ಹಾಕಿಕೊಂಡಿದ್ದರು. ಕಣ್ಣು ಮಾತ್ರ ಕಾಣುತ್ತಿತ್ತು. ಎದೆಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಹೆಸರು ಬರೆದುಕೊಂಡಿದ್ದರು. ಆ ಹೆಸರನ್ನು ಓದಿ ಕರೆದಾಗ ನನಗೆ ಎಷ್ಟು ಹಗುರ ಆಯಿತು ಅಂದರೆ, ಆಮೇಲೆ ಬೇಕಿಲ್ಲದಿದ್ದರೂ ಕರೆಯುತ್ತಿದ್ದೆ. ನೋವು ಏರಿದಾಗ ಮಾಸ್ಕಿನೊಳಗೆ ಉಸಿರು ಕಟ್ಟುತ್ತದೆ. ಮುಕ್ಕು ಅನ್ನುತ್ತಾರೆ, ಬಾಯಿ ತುಂಬ ಗಾಳಿ ಬೇಕು, ಮೂಗಿನ ಮುಂದೆ ಒದ್ದೆಯಾದ ಬಟ್ಟೆ ಅಂಟಿಕೊಂಡಿರುತ್ತದೆ. ಅಲ್ಲೊಬ್ಬರು ಆಯಾ ಇದ್ದರು, ನಮ್ಮ ಅಮ್ಮನ ವಯಸ್ಸಿನವರು. ಪ್ರತಿ ಸಲ ನೋವು ಬಂದಾಗಲೂ ಗ್ಲೌಸ್ ಹಾಕಿದ ಕೈಯಿಂದ ನನ್ನ ಸೊಂಟ ಒತ್ತಿದರು. ಅವರ ಪಾಳಿ ಮುಗಿದಿತ್ತು ಅಂತ ನನಗೆ ಗೊತ್ತಾದದ್ದು ಬೆಳಿಗ್ಗೆ. ಬಸ್ಸಿಲ್ಲದ ದಿನಗಳವು. ಅವರು ಮನೆಗೆ ನಡೆದೇ ಹೋಗಬೇಕಿತ್ತು. ಆದರೂ ಮಗು ಅಳುವ ತನಕ ಇದ್ದರು.

ಮಗುವನ್ನು ಒರೆಸಿ ನನ್ನ ಎದೆಯ ಮೇಲೆ ಮಲಗಿಸಿದರು. ಸಿಸ್ಟರ್ ನನ್ನ ಫೋನು ಹಿಡಿದು, ಹೊರಗೆ ನಿಂತಿದ್ದ ನಮ್ಮನೆಯವರಿಗೆ ವಿಡಿಯೋ ಕಾಲಿನಲ್ಲಿ ಮಗಳನ್ನು ತೋರಿಸಿದರು. ಆಮೇಲೆ ಪಾಂಡವಪುರಕ್ಕೂ ತೋರಿಸಿದರು. ಅಮ್ಮನ ಮುಖಕ್ಕಿಂತ ನಮ್ಮನೆ ತೊಲೆಯೇ ಜಾಸ್ತಿ ಕಾಣುತ್ತಿತ್ತು, ಅಮ್ಮನ ಕೈ ಅಷ್ಟು ನಡುಗುತ್ತಿತ್ತು.

ಹಾಗಾಗಿ ಒಬ್ಬಳೇ ಹೆತ್ತೆ ಅಂತ ನಾನು ಹೇಳುವುದಿಲ್ಲ. ಹೇಳಿದರೆ ಆ ಇಬ್ಬರಿಗೆ ದ್ರೋಹ ಮಾಡಿದ ಹಾಗೆ. ಆದರೆ ಅವರು ಜೊತೆಗಿದ್ದದ್ದು ಅವರ ಒಳ್ಳೆಯತನ. ಅವತ್ತು ಬೇರೆ ಯಾರೋ ಪಾಳಿಯಲ್ಲಿದ್ದಿದ್ದರೆ? ಒಂದೇ ಹೊತ್ತಿಗೆ ನಾಲ್ಕು ಹೆರಿಗೆ ಇದ್ದಿದ್ದರೆ? ಹೆಂಗಸೊಬ್ಬಳ ಹೆರಿಗೆ ಇನ್ನೊಬ್ಬರ ಒಳ್ಳೆಯತನದ ಮೇಲೆ ನಿಲ್ಲಬಾರದು.

ಜೊತೆಗೊಬ್ಬರು ಇರಬೇಕು ಅನ್ನುವುದು ಸುಮ್ನೆ ಮನಸ್ಸಿನ ಸಮಾಧಾನದ ಮಾತಲ್ಲ. 2017ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 15 ಸಾವಿರಕ್ಕೂ ಹೆಚ್ಚು ಹೆಂಗಸರು ಭಾಗವಹಿಸಿದ್ದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ನೋವಿನ ಹೊತ್ತಿನಲ್ಲಿ ಒಬ್ಬರು ಬಿಡದೆ ಜೊತೆಗಿದ್ದವರಲ್ಲಿ ಸಹಜ ಹೆರಿಗೆ ಜಾಸ್ತಿ, ಸಿಸೇರಿಯನ್ ಕಮ್ಮಿ, ನೋವಿನ ಅವಧಿಯೂ ಸ್ವಲ್ಪ ಕಮ್ಮಿ ಅಂತ ಕಂಡಿತು. ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಹೊತ್ತಿಗೆ ಒಬ್ಬ ಜೊತೆಗಾತಿಯನ್ನು ಒಳಗೆ ಬಿಡಿ ಅಂದಿತ್ತು. ಆಕೆ ತಾನೂ ಹೆತ್ತವಳಾಗಿರಬೇಕು, ಶುಭ್ರ ಬಟ್ಟೆ ಹಾಕಿರಬೇಕು, ಕೊನೆ ತನಕ ಜೊತೆಗಿರಬೇಕು, ಡಾಕ್ಟರ ಕೆಲಸಕ್ಕೆ ಅಡ್ಡ ಬರಬಾರದು. ಇನ್ನೊಂದು ನಿಯಮ, ಆಕೆಗೆ ಅಂಟುರೋಗ ಇರಬಾರದು. ಅಂದರೆ ಅಂಟುರೋಗದ ಪ್ರಶ್ನೆಗೆ ಉತ್ತರ ಆ ನಿಯಮದಲ್ಲೇ ಇತ್ತು. ಬಸುರಿಗೆ ಪರೀಕ್ಷೆ ಮಾಡಿದ ಹಾಗೆ ಜೊತೆಗೆ ಬರುವವರಿಗೂ ಮಾಡಬಹುದಿತ್ತು. ವಿಶ್ವ ಆರೋಗ್ಯ ಸಂಸ್ಥೆಯೂ ಕೊರೊನಾ ಕಾಲದಲ್ಲಿ, ಸೋಂಕು ಇರಲಿ ಇಲ್ಲದಿರಲಿ, ಪ್ರತಿ ಹೆಂಗಸಿಗೂ ತನಗೆ ಬೇಕಾದವರು ಹೆರಿಗೆಯಲ್ಲಿ ಜೊತೆಗಿರಬೇಕು ಅಂತಲೇ ಹೇಳಿತು. ಪಿಪಿಇ ಕಿಟ್‌ಗೇ ಬರ ಇದ್ದ ದಿನಗಳವು, ಆಸ್ಪತ್ರೆಯವರ ಕಷ್ಟ ನನಗೆ ಅರ್ಥ ಆಗುತ್ತದೆ. ಆದರೆ ಕಷ್ಟ ಬಂದಾಗ ಮೊದಲು ಕೈಬಿಟ್ಟದ್ದು ಇದನ್ನೇ. ಇದು ಇಲ್ಲದಿದ್ದರೂ ನಡೆಯುತ್ತದೆ ಅಂತ ಎಲ್ಲರೂ ಎಷ್ಟು ಬೇಗ ಒಪ್ಪಿಕೊಂಡರು! ಆ ಮಾತನ್ನು ನಾನು ಒಪ್ಪುವುದಿಲ್ಲ.

ಇನ್ನು ಬಾಣಂತನ. ಅದರ ಬಗ್ಗೆ ಯಾರೂ ಕೇಳುವುದೇ ಇಲ್ಲ. ನಿಜ ಹೇಳಬೇಕೆಂದರೆ ನನಗೆ ಹೆರಿಗೆಗಿಂತ ಕಷ್ಟ ಆದದ್ದು ಅದೇ. ಅತ್ತೆಗೆ ಸಕ್ಕರೆ ಕಾಯಿಲೆ ಇದೆ. ಆಸ್ಪತ್ರೆಯಿಂದ ಬಂದ ನಮ್ಮಿಂದ ಅವರು ದೂರ ಇರುವುದೇ ಒಳ್ಳೆಯದು ಅಂತ ಬೇರೆ ಮನೆಯಲ್ಲಿದ್ದರು. ನಮ್ಮನೆಯವರೇ ನೀರು ಕಾಯಿಸಿದರು. ಅಮ್ಮ ಫೋನಿನಲ್ಲಿ ಹೇಳಿದ ಹಾಗೆ ಮೆಣಸಿನ ಸಾರು ಮಾಡಿದರು, ಬೆಳ್ಳುಳ್ಳಿ ತುಪ್ಪದಲ್ಲಿ ಹುರಿದರು, ಸಬ್ಬಸಿಗೆ ಸೊಪ್ಪು ಸೋಸಿದರು. ಚೆನ್ನಾಗಿಯೇ ಮಾಡಿದರು. ಆದರೆ ಹಾಲು ಕಟ್ಟಿಕೊಂಡು ಎದೆ ಕಲ್ಲಾದಾಗ, ಮಗು ಬಾಯಿ ಹಾಕಲೇ ಒಲ್ಲದಾಗ, ಅನುಭವ ಇದ್ದವರೊಬ್ಬರು ಪಕ್ಕದಲ್ಲಿ ಕೂತು "ಹಿಂಗೆ ಹಿಡ್ಕೋ" ಅಂತ ತೋರಿಸಬೇಕು. ಅದು ವಿಡಿಯೋ ಕಾಲಿನಲ್ಲಿ ಆಗುವ ಕೆಲಸ ಅಲ್ಲ.

ಅದನ್ನು ತೋರಿಸಿಕೊಟ್ಟವರು ನಮ್ಮ ಬೀದಿಯ ಆಶಾ ಕಾರ್ಯಕರ್ತೆ. ಮನೆಮನೆಗೆ ಹೋಗಿ ಜ್ವರ ಇದೆಯಾ, ಕೆಮ್ಮು ಇದೆಯಾ ಅಂತ ಬರೆದುಕೊಳ್ಳುವ ಕೆಲಸ ಅವರ ತಲೆ ಮೇಲಿತ್ತು. ಅದರ ಮಧ್ಯೆ ನನಗೆ ಕಬ್ಬಿಣಾಂಶದ ಮಾತ್ರೆ ತಂದುಕೊಟ್ಟರು, ಮಗುವಿನ ತೂಕ ನೋಡಿದರು, 6 ವಾರಕ್ಕೆ ಲಸಿಕೆ ತಪ್ಪಿಸಬೇಡಿ ಅಂತ ಬಾಗಿಲಿಗೆ ಬಂದು ಹೇಳಿ ಹೋದರು. ಆ ಜುಲೈನಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12 ಸಾವಿರ ರೂಪಾಯಿ ಗೌರವಧನ ಕೇಳಿ ಮುಷ್ಕರಕ್ಕೆ ಕೂತರು. ನಾನು ಮಗು ಎತ್ತಿಕೊಂಡು ಟಿವಿ ಮುಂದೆ ನಿಂತು ನೋಡಿದೆ. ಅಂಥವರು ಇಷ್ಟಕ್ಕೂ ಬೀದಿಗೆ ಇಳಿಯಬೇಕಾ ಅನ್ನಿಸಿ ತುಂಬ ನೋವಾಯಿತು.

ಮೇ 19ಕ್ಕೆ ಕೆಎಸ್‌ಆರ್‌ಟಿಸಿ ಬಸ್ಸುಗಳು ಮತ್ತೆ ಓಡಿದವು, ಒಂದು ಬಸ್ಸಿಗೆ 30 ಜನ ಮಾತ್ರ. ಅಮ್ಮ ಬಂದರು. ಬಂದವರು ಬಚ್ಚಲಿಗೆ ಹೋಗಿ ಸ್ನಾನ ಮಾಡಿ, ಬಟ್ಟೆ ನೆನೆಹಾಕಿ, ಮಾಸ್ಕ್ ಕಟ್ಟಿಕೊಂಡೇ ಮಗುವನ್ನು ಎತ್ತಿಕೊಂಡರು. ನನ್ನ ತಲೆಗೆ ಹರಳೆಣ್ಣೆ ಹಚ್ಚಿ, ಬಿಸಿನೀರು ಹುಯ್ದು, ಸಾಂಬ್ರಾಣಿ ಹಾಕಿದರು. ಅವತ್ತು ನಾನು ನಿದ್ದೆ ಮಾಡಿದ ಹಾಗೆ ಅದಕ್ಕೆ ಮೊದಲು ಎಷ್ಟೋ ದಿನ ಮಾಡಿರಲಿಲ್ಲ.

ನನ್ನದು ಮೊದಲ ಅಲೆಯ ಕತೆ ಅನ್ನುವುದು ನೆನಪಿರಲಿ. 2021ರ ಏಪ್ರಿಲ್, ಮೇ ತಿಂಗಳಲ್ಲಿ ಹೆತ್ತವರ ಕಷ್ಟದ ಮುಂದೆ ಇದು ಏನೂ ಅಲ್ಲ. ಆಗ ಬಸುರಿಯರಿಗೆ ಲಸಿಕೆಯೂ ಇರಲಿಲ್ಲ, ನಮ್ಮ ದೇಶದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 2021ರ ಜುಲೈನಲ್ಲಿ. ಮಂಡ್ಯದ ನನ್ನ ಗೆಳತಿಗೆ ಹೆರಿಗೆ ಹೊತ್ತಿಗೆ ಪಾಸಿಟಿವ್ ಬಂತು. ಮಗುವನ್ನು ಕೊಡುತ್ತಾರೋ ಇಲ್ಲವೋ ಅಂತ ಅವಳು ನಡುಗಿದ್ದಳು. ಡಾಕ್ಟರು ಮಾಸ್ಕ್ ಹಾಕಿಸಿ, ಕೈ ತೊಳೆಸಿ, ಹಾಲು ಕುಡಿಸಿ ಅಂದರು. ಸೋಂಕಿದ್ದರೂ ತಾಯಿ ಹಾಲು ಕುಡಿಸಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಮೊದಲಿಂದಲೇ ಹೇಳುತ್ತಿತ್ತು. ಈಗಲೂ ಜ್ವರ, ನೆಗಡಿ ಬಂದ ಬಾಣಂತಿಯರಿಂದ ಮಗುವನ್ನು ದೂರ ಇಡುವ ಮನೆಗಳಿವೆ. ದಯವಿಟ್ಟು ಹಾಗೆ ಮಾಡುವ ಮೊದಲು ಡಾಕ್ಟರನ್ನು ಕೇಳಿ.

ಈಗ ಬಸುರಿಯಾಗಿದ್ದು, ನನ್ನನ್ನು ಈ ಪ್ರಶ್ನೆ ಕೇಳುವ ಹುಡುಗಿಯರಿಗೆ ಒಂದು ಮಾತು. ಕೊರೊನಾ ಹೋಯಿತು, ಆದರೆ ಬಾಗಿಲ ಹೊರಗೇ ಜೊತೆಯವರನ್ನು ನಿಲ್ಲಿಸುವ ಆಸ್ಪತ್ರೆಗಳು ಇನ್ನೂ ಇವೆ. ಏಳನೇ ತಿಂಗಳಿನ ತಪಾಸಣೆಗೆ ಹೋದಾಗಲೇ ಕೇಳಿ: ಲೇಬರ್ ರೂಮಿನಲ್ಲಿ ನನ್ನ ಜೊತೆ ಯಾರು ಇರಬಹುದು? ಅಮ್ಮನೋ, ಅಕ್ಕನೋ, ಗಂಡನೋ, ಯಾರು ಬೇಕು ಅಂತ ಹೆಸರು ಹೇಳಿ. ಆಗಲ್ಲ ಅಂದರೆ ಯಾಕೆ ಅಂತ ಕೇಳಿ, ಅದನ್ನು ಯಾರು ತೀರ್ಮಾನ ಮಾಡುತ್ತಾರೆ ಅಂತ ಕೇಳಿ, ಅವರನ್ನೇ ಹೋಗಿ ಕಾಣಿ. ಬೇರೆ ಆಸ್ಪತ್ರೆ ನೋಡಿಕೊಳ್ಳಲು ಆಗ ಇನ್ನೂ ಟೈಮ್ ಇರುತ್ತದೆ. ನೋವು ಬಂದ ಮೇಲೆ ಬಾಗಿಲಲ್ಲಿ ನಿಂತು ವಾದ ಮಾಡುವ ಶಕ್ತಿ ಯಾರಿಗೂ ಇರುವುದಿಲ್ಲ.