ಎರಡನೆಯ ಗೋಲ್‌ಕೀಪರ್

2014ರಲ್ಲಿ ಎಂಟನೆಯ ತರಗತಿಗೆ ಈ ಶಾಲೆ ಸೇರಿದ ನಾನು, 2017ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ದಾವಣಗೆರೆ ಬಿಡುವವರೆಗೂ ಫುಟ್‌ಬಾಲ್ ತಂಡದ ಎರಡನೆಯ ಗೋಲ್‌ಕೀಪರ್ ಆಗಿದ್ದೆ. ಬೇರೆ ಆಟಗಾರರಿಗೆ ಕೊನೆಯ ಹತ್ತು ನಿಮಿಷವಾದರೂ ಸಿಗುತ್ತದೆ. ಎರಡನೆಯ ಗೋಲ್‌ಕೀಪರ್ ಕಣಕ್ಕಿಳಿಯಬೇಕಾದರೆ ಮೊದಲನೆಯವನಿಗೆ ಪೆಟ್ಟಾಗಬೇಕು, ಗೆಳೆಯನಿಗೆ ಪೆಟ್ಟಾಗಲೆಂದು ಬಯಸುವುದಾದರೂ ಹೇಗೆ?

ಎಲ್ಲರೂ ಮನೆಗೆ ಹೋದ ಮೇಲೂ ಪಿ.ಟಿ. ಮೇಷ್ಟ್ರು ನನ್ನನ್ನು ಉಳಿಸಿಕೊಂಡು, ಕತ್ತಲಾಗುವ ತನಕ ಚೆಂಡು ಒದೆಯುತ್ತಿದ್ದರು. ನಮ್ಮದು ಗರಸು ನೆಲ. ಹಾರಿ ಬಿದ್ದಾಗ ಮೊಣಕೈ ತರಚಿ ಒಳಗೆ ಸೇರಿಕೊಂಡ ಹರಳುಗಳನ್ನು ಅವರೇ ನೀರು ಹಾಕಿ ತೊಳೆದು, ಉಗುರಿನಿಂದ ಒಂದೊಂದಾಗಿ ತೆಗೆಯುತ್ತಿದ್ದರು. "ಒದಿಯೋ ತನಕ ಅಲುಗಬ್ಯಾಡ, ಅವನು ಊರಿದ ಕಾಲು ನೋಡು" ಎಂಬುದೊಂದೇ ಅವರ ಪಾಠ.

ನಾನು ಶಾಲೆ ಸೇರಿದ ವರ್ಷವೇ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ ಬಿಟ್ಟು ನಾರ್ವೆಯ ಸ್ಟಾಬೆಕ್ ಕ್ಲಬ್ ಸೇರಿದ್ದರು. ಪಂಜಾಬಿನ ಆ ಆರೂವರೆ ಅಡಿಯ ಆಟಗಾರ ಅಲ್ಲಿ ಐವರಿ ಕೋಸ್ಟಿನ ಗೋಲ್‌ಕೀಪರ್ ಸಯೂಬಾ ಮಾಂಡೆಯ ಹಿಂದೆ ಕಾಯಬೇಕಾಯಿತು. ಲೀಗ್ ಪಂದ್ಯವೊಂದರಲ್ಲಿ ಅವರು ಗೋಲಿನ ಮುಂದೆ ನಿಂತದ್ದು 2016ರ ಮೇ ತಿಂಗಳಲ್ಲಿ. ಮರುತಿಂಗಳ ಕೊನೆಗೆ ವೇಲ್ಸ್‌ನ ಕಾನಾಸ್ ಕೀ ತಂಡದೆದುರು ಅರ್ಹತಾ ಪಂದ್ಯವಾಡಿ, ಯುರೋಪಿನ ಕ್ಲಬ್‌ಗಳ ಟೂರ್ನಿಯಾದ ಯುರೋಪಾ ಲೀಗ್‌ನಲ್ಲಿ ಆಡಿದ ಮೊದಲ ಭಾರತೀಯರಾದರು. ಆ ಸುದ್ದಿಯ ಪತ್ರಿಕಾ ತುಣುಕನ್ನು ಮೇಷ್ಟ್ರು ನೋಟಿಸ್ ಬೋರ್ಡಿಗೆ ಅಂಟಿಸಿ, ನನ್ನನ್ನು ಕರೆದು ಎದುರಿಗೆ ನಿಲ್ಲಿಸಿ ಓದಿಸಿದರು. ಜಗತ್ತು ಮೊದಲ ಪಂದ್ಯವನ್ನು ಲೆಕ್ಕಕ್ಕೆ ಹಿಡಿಯಿತು. ನನಗೆ ದೊಡ್ಡದಾಗಿ ಕಂಡದ್ದು ಅದಕ್ಕೂ ಹಿಂದಿನ, ಯಾರೂ ನೋಡದ ಸುಮಾರು ಎರಡು ವರ್ಷಗಳ ಅಭ್ಯಾಸ.

2017ರಲ್ಲಿ ಅವರು ಬೆಂಗಳೂರು ಎಫ್‌ಸಿಗೆ ಬಂದರು, 2018-19ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಗೆದ್ದ ತಂಡದ ಗೋಲು ಕಾದರು. 2019ರ ಸೆಪ್ಟೆಂಬರ್‌ನಲ್ಲಿ ದೋಹಾದಲ್ಲಿ ಏಷ್ಯಾ ಚಾಂಪಿಯನ್ ಕತಾರ್ ಒಂದೂ ಗೋಲು ಹೊಡೆಯದಂತೆ ತಡೆದ ದಿನ ಭಾರತದ ನಾಯಕರೂ ಅವರೇ. ಆ ಆಟದ ಮುಂದೆ ಯಾವ ಪದಕವೂ ನನಗೆ ದೊಡ್ಡದಲ್ಲ.

2023ರ ಜುಲೈ 4ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ದಕ್ಷಿಣ ಏಷ್ಯಾ ಫುಟ್‌ಬಾಲ್ ಟೂರ್ನಿ ಸ್ಯಾಫ್‌ನ ಫೈನಲ್ ನೋಡುವ ಭಾಗ್ಯ ನನ್ನದಾಯಿತು. ಕುವೈತ್‌ನೊಂದಿಗೆ 1-1 ಸಮಬಲವಾಗಿ, ಪೆನಾಲ್ಟಿಗಳ ಮೊದಲ ಐದು ಸುತ್ತುಗಳೂ ಸಮವಾಗಿ ಮುಗಿದವು. ಆರನೆಯ ಸುತ್ತಿನಲ್ಲಿ ಮಹೇಶ್ ಸಿಂಗ್ ಗೋಲು ಹೊಡೆದ ಬಳಿಕ ಕುವೈತ್ ನಾಯಕನ ಒದೆತವನ್ನು ಗುರ್‌ಪ್ರೀತ್ ತಡೆದರು. ಆ ಗದ್ದಲದ ನಡುವೆಯೇ ಮೇಷ್ಟ್ರಿಗೆ ಫೋನ್ ಮಾಡಿದೆ. ಅವರು ಅಭಿನಂದನೆಯ ಮಾತಾಡಲಿಲ್ಲ.

"ಒದಿಯೋ ತನಕ ನಿಂತಿದ್ನೇನಪ್ಪಾ?" ಎಂದು ಕೇಳಿದರು.